ಬೋಳು ಬೆನ್ನಿನ ಮರಿಗಳು

9 ನವೆಂಬರ್ 1986, ಬೆಳಗ್ಗೆ 6.30

ಎದ್ದೆ. ಕೆಮ್ಮಿದೆ. ಕಾಫಿ ಬಂತು. ಇವರು ಅದನ್ನು ಕಾಫಿ ಅನ್ನುತ್ತಾರೆ. ಬೆಲ್ಲದ ನೀರಿಗೆ ಬಣ್ಣ, ಅಷ್ಟೆ. ಕುಡಿದೆ. ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ಸೈರನ್ ಆದರೆ ಊರಿಗೆ ಊರೇ ಒಟ್ಟಿಗೆ ಏಳುತ್ತಿತ್ತು. ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೆಳಗು. ಹಸು ಕೂಗಿದಾಗ ಒಬ್ಬ ಏಳುತ್ತಾನೆ, ಬಿಸಿಲು ಮುಖಕ್ಕೆ ಬಿದ್ದಾಗ ಇನ್ನೊಬ್ಬ.

ಮೂವತ್ತೊಂದು ವರ್ಷ ದಿನಾ ಶಿಫ್ಟ್ ರಿಪೋರ್ಟ್ ಬರೆದ ಕೈ. ಬರೆಯದಿದ್ದರೆ ಊಟ ಸೇರುವುದಿಲ್ಲ. ಈಗ ಸಹಿ ಹಾಕುವ ದೊರೆ ಇಲ್ಲ, ಓದುವವರೂ ಇಲ್ಲ. ಅದೇ ಸುಖ.

ರಿಟೈರಾದೆ, ಕ್ವಾರ್ಟರ್ಸ್ ಬಿಟ್ಟುಕೊಟ್ಟೆ, ಮಗಳು ನಾರಾಯಣಿಯ ಮನೆ ಸೇರಿದೆ. ಬಂಗಾರಪೇಟೆ ಸ್ಟೇಷನ್ನಿನಿಂದ ಇಲ್ಲಿಗೆ ಸೈಕಲ್ ದಾರಿ. ಅಳಿಯ ಜಯರಾಮಪ್ಪ. ಒಳ್ಳೆಯವನು ಅಂತ ಎಲ್ಲರೂ ಹೇಳುತ್ತಾರೆ. ಹೇಳಲು ಬೇರೇನೂ ಸಿಗದವರ ಬಗ್ಗೆ ಜನ ಹೇಳುವ ಮಾತು ಅದು. ರಾಗಿ, ಎರಡು ಹಸು, ಈಗ ಕೋಳಿ. ಕೋಳಿ ಸಾಕುವುದನ್ನು ರೇಡಿಯೋ ಕೇಳಿ ಕಲಿತಿದ್ದಾನೆ.

ನಿನ್ನೆ ಹೊಸ ಮರಿಗಳು ಬಂದವು, ಬೆಂಗಳೂರಿನಿಂದ, ತೂತು ಕೊರೆದ ರಟ್ಟಿನ ಡಬ್ಬಗಳಲ್ಲಿ. ಹಳೆಯ ಬಿಳಿ ಜಾತಿ ಅಲ್ಲವಂತೆ. ಕಂದು ಕೋಳಿ, ಕಂದು ಮೊಟ್ಟೆ. 'ಊರಿನ ನಾಟಿ ಕೋಳಿಯೂ ಕಂದೇ ಅಲ್ಲವಾ' ಅಂದೆ. ನಕ್ಕ. ತಮಾಷೆ ಅಂದುಕೊಂಡ.

13 ನವೆಂಬರ್

ಶೆಡ್ ನೋಡಿ ಬಂದೆ. ತಗಡಿನ ಛತ್ರಿಯ ಕೆಳಗೆ ಬಲ್ಬು. ಬಲ್ಬು ಸಾಲದು ಅಂತ ಎರಡು ಮೂಲೆಗೆ ಇದ್ದಿಲು ತುಂಬಿದ ಕುಂಪಟಿ. ಗಾಳಿ ಬರಬಾರದು ಅಂತ ಕಿಟಕಿಯ ಜಾಲರಿಗೆಲ್ಲ ಗೋಣಿತಾಟು. ಕೆಳಗೆ ಕಡಲೆಕಾಯಿ ಸಿಪ್ಪೆಯ ಹಾಸಿಗೆ. ನಾನು ಮದುವೆಯಾದ ಹೊಸತರಲ್ಲಿ ಗಣಿ ಕೂಲಿಗಳ ಲೈನ್ ಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದು.

ಮರಿ ನೋಡಿಕೊಳ್ಳಲು ಅಕ್ಕಯ್ಯಮ್ಮ ಅಂತ ಕೂಲಿಯ ಹೆಂಗಸು. ಎಲೆಅಡಿಕೆ ಜಗಿಯುತ್ತ ಮರಿಗಳ ಜೊತೆ ಮಾತಾಡುತ್ತಾಳೆ.

"ಬನ್ರೇ ನಮ್ಮವ್ವಗಳಾ, ನೀರು ಕುಡೀರಿ. ಏಯ್, ಅವಳ್ನ ತುಳೀಬ್ಯಾಡ್ವೇ!"

ಕೆಲಸ ಕಡಿಮೆ, ಮಾತು ಜಾಸ್ತಿ. ನನ್ನ ಗ್ಯಾಂಗಿನಲ್ಲಿದ್ದಿದ್ದರೆ ಒಂದೇ ದಿನಕ್ಕೆ ಗಣಿಯಿಂದ ಮೇಲಕ್ಕೆ ಕಳಿಸುತ್ತಿದ್ದೆ. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, "ಏನ್ ಮೇಸ್ತ್ರಪ್ಪಾ, ನೀವೂ ಚಳಿ ಕಾಯಿಸ್ಕಳಾಕೆ ಬಂದ್ರಾ?" ಅಂದಳು. ಸಲುಗೆ ನೋಡು.

23 ನವೆಂಬರ್

ಮರಿಗಳಿಗೆ ಪುಕ್ಕ ಬಂದಿಲ್ಲ.

ರೆಕ್ಕೆಯ ತುದಿಯಲ್ಲಿ ಒಂದಿಷ್ಟು ಕಡ್ಡಿ. ಬೆನ್ನು ಬೋಳು. ಕೆಂಪಗೆ, ಕೆರೆದ ಗಾಯದ ಹಾಗೆ. ಹಳೆಯ ಬಿಳಿ ಮರಿಗಳು ಇಷ್ಟೊತ್ತಿಗೆ ಅಂಗಿ ತೊಟ್ಟು ಓಡಾಡುತ್ತಿದ್ದವಂತೆ. ಇವು ಹೊಟ್ಟೆ ದಪ್ಪ, ಬೆನ್ನು ಬೆತ್ತಲೆ. ಒಂದರ ಬೆನ್ನನ್ನು ಇನ್ನೊಂದು ಕುಕ್ಕುತ್ತದೆ. ರಕ್ತ ಕಂಡರೆ ಎಲ್ಲ ಸೇರಿಕೊಳ್ಳುತ್ತವೆ. ಊರಿನ ಜನರ ಬುದ್ಧಿಯೇ ಇವಕ್ಕೂ.

ಜಯರಾಮಪ್ಪನ ಮುಖ ಇಷ್ಟುದ್ದ. ದನದ ಡಾಕ್ಟರನ್ನು ಕರೆತಂದ. ಡಾಕ್ಟರು ಒಂದು ಮರಿಯನ್ನು ತಿರುಗಿಸಿ ನೋಡಿ, ಮೇವಿನಲ್ಲಿ ಪ್ರೋಟೀನ್ ಸಾಲದು ಅಂದರು. ಇವನು ಆಂಡರ್ಸನ್‌ಪೇಟೆಯವರೆಗೆ ಹೋಗಿ ಒಣಮೀನಿನ ಪುಡಿ ತಂದ. ಮನೆಯೆಲ್ಲ ನಾತ. ಬೀಗಿತ್ತಿ ಚಿಕ್ಕವೆಂಕಟಮ್ಮ ಮೂಗಿಗೆ ಸೆರಗು ಹಿಡಿದು ಓಡಾಡಿದಳು.

"ಏನಣ್ಣಯ್ಯಾ, ನಿಮ್ ಅಳೀಮಯ್ಯ ಮೀನಂಗಡಿ ಮಡಗವ್ನೆ!"

ತನ್ನ ಮಗ ಸರಿ ಮಾಡಿದರೆ ನನ್ನ ಮಗ, ತಪ್ಪು ಮಾಡಿದರೆ ನಿಮ್ಮ ಅಳಿಯ. ಬೆಂದ ಬೇಳೆಯಲ್ಲಿ ಉಪ್ಪು ಕಡಿಮೆಯಾದರೂ ನಾರಾಯಣಿಗೆ 'ಗಣಿಯೋರ ಮಗಳು' ಅನ್ನುತ್ತಾಳೆ. ಹುಡುಗಿ ಉತ್ತರ ಕೊಡುವುದಿಲ್ಲ. ಅವಳ ಅಮ್ಮನ ಹಾಗಲ್ಲ.

27 ನವೆಂಬರ್, ಸಂಜೆ

ನಾನು ಒಂದು ವಾರದಿಂದ ನೋಡುತ್ತಿದ್ದೇನೆ. ಕಾರಣ ಹೊಳೆಯಿತು. ಇಷ್ಟು ಸಣ್ಣ ವಿಷಯ ಇಷ್ಟು ಜನರಿಗೆ ಹೊಳೆಯಲಿಲ್ಲವಲ್ಲ!

ನೂರನೇ ಲೆವೆಲ್‌ನಲ್ಲಿ ಗಣಿಯ ಅಷ್ಟು ಆಳದಲ್ಲಿ ಬಂಡೆ ಮುಟ್ಟಿದರೆ ಕೈ ಸುಡುತ್ತದೆ. ಅಲ್ಲಿ ಅಂಗಿ ಹಾಕಿದವನನ್ನು ನಾನು ನೋಡಿಲ್ಲ. ಲಂಗೋಟಿ, ಬೂಟು, ಟೋಪಿ, ಲೈಟು. ಅದೇ ಆಳು ಲಿಫ್ಟಿನ ಕೇಜ್ ಹತ್ತಿ ಮೇಲೆ ಬಂದು ಡಿಸೆಂಬರ್ ಗಾಳಿ ತಾಗಿದ ತಕ್ಷಣ ಸ್ವೆಟರಿಗೆ ಕೈ ಹಾಕುತ್ತಾನೆ. ಯಾರೂ ಹೇಳಿಕೊಡಬೇಕಾಗಿಲ್ಲ. ಮೈಗೆ ಗೊತ್ತು. ಈ ಪೆದ್ದ ಮರಿಗಳನ್ನು ನೂರನೇ ಲೆವೆಲ್‌ನಲ್ಲಿ ಇಟ್ಟಿದ್ದಾನೆ! ಬಲ್ಬು, ಕುಂಪಟಿ, ಗೋಣಿತಾಟು. ಅವಕ್ಕೆ ಅಂಗಿ ಯಾಕೆ ಬೇಕು? ಬಿಸಿ ತೆಗೆ, ಗಾಳಿ ಬಿಡು, ತಾನಾಗಿ ಬರುತ್ತದೆ ಪುಕ್ಕ.

ಊಟಕ್ಕೆ ಕೂತಾಗ ಹೇಳಿದೆ. ಅಳಿಯ ಮುದ್ದೆ ಮುರಿಯುತ್ತ ಕೇಳಿಸಿಕೊಂಡ.

"ಅಂಗಲ್ಲ ಮಾವಾ. ಪುಕ್ಕ ಇಲ್ದಿದ್ಕೇ ಬಿಸಿ ಬೇಕು ಅಂತಾರೆ. ಇನ್ನೊಂದೆಂಟು ದಿನ ನೋಡಾಣ."

ನೋಡಾಣ. ನೋಡುತ್ತ ಕೂರುವುದರಲ್ಲಿ ಇವರ ಜಾತಿಯನ್ನು ಮೀರಿಸುವವರಿಲ್ಲ. ಬೀಗಿತ್ತಿ ಬಾಯಿಗೆ ಸೆರಗು ಇಟ್ಟು ನಕ್ಕಳು. ಕೋಳಿಗೆ ಸ್ವೆಟರ್ ಹಾಕಿಸ್ತಾರಂತೆ ಅಂತ ನಾಳೆ ಬಾವಿಕಟ್ಟೆಯಲ್ಲಿ ಹೇಳುತ್ತಾಳೆ.

30 ನವೆಂಬರ್

ಹೇಳಿದ್ದಾಳೆ. ಅಂಗಡಿಯವನು ನನ್ನನ್ನು ನೋಡಿ, "ಉಲ್ಲನ್ ತರಿಸ್ಲಾ ಮೇಸ್ತ್ರಪ್ಪಾ?" ಅಂದ. ಬೀಡಿ ಕಟ್ಟು ತೆಗೆದುಕೊಂಡು ಬಂದೆ. ಮುಖ ನೋಡಲಿಲ್ಲ.

ಸಂಜೆ ಜಯರಾಮಪ್ಪ ಪಕ್ಕ ಕೂತು ಗಣಿಯ ಕಥೆ ಕೇಳಿದ. ದಿನಾ ಕೇಳುತ್ತಾನೆ. ಅದೊಂದೇ ಅವನಿಂದ ನನಗಾಗುವ ಉಪಕಾರ. ಬಂಡೆ ಸಿಡಿದ ದಿನದ್ದು ಹೇಳಿದೆ. ಎಲ್ಲರೂ ಕೇಜ್ ಕಡೆ ಓಡಿದರೂ ನಾನು ಕೊನೆಯ ಆಳು ಬರುವವರೆಗೆ ನಿಂತಿದ್ದು. ನನ್ನ ಶಿಫ್ಟ್‌ನಲ್ಲಿ ಒಬ್ಬನೂ ಸಾಯಲಿಲ್ಲ, ನಾನು ಜಾಗ ಬಿಟ್ಟು ಕದಲಿದವನಲ್ಲ. ಬಾಯಿ ತೆರೆದು ಕೇಳಿದ. ಮುಗಿದ ಮೇಲೆ, "ಇನ್ನೊಂದ್ಸಲ ಯೇಳಿ ಮಾವಾ, ಆ ಕೊನೇ ಆಳು ಬರಾದು" ಅಂದ. ಮಗುವಿನ ಹಾಗೆ.

4 ಡಿಸೆಂಬರ್, ಬೆಳಗ್ಗೆ 10

ಮದ್ರಾಸಿನ ಕಡೆ ಸಮುದ್ರದಲ್ಲಿ ಏನೋ ಎದ್ದಿದೆಯಂತೆ. ನಿನ್ನೆಯಿಂದ ಜಡಿ. ಬಿಸಿಲಿಲ್ಲ. ಮನೆಯವರೆಲ್ಲ ಮುಳಬಾಗಿಲಿಗೆ ಮದುವೆಗೆ ಹೋದರು, ಜಯರಾಮಪ್ಪ, ಅವನ ಅಮ್ಮ, ನಾರಾಯಣಿ. ಸಾಯಂಕಾಲದ ಬಸ್ಸಿಗೆ ಬರುತ್ತಾರೆ. ಅಕ್ಕಯ್ಯಮ್ಮನಿಗೆ ಹತ್ತು ಸಲ ಹೇಳಿದ. ಬಲ್ಬು, ಕುಂಪಟಿ, ತಾಟು. ಪಾಠ ಒಪ್ಪಿಸಿದ ಹಾಗೆ. ನನಗೆ ಒಂದು ಮಾತು ಹೇಳಲಿಲ್ಲ. ನಾನಿರುವುದು ಅಲಂಕಾರಕ್ಕೆ.

ಮರಿಗಳು ಹಾಗೇ ಇವೆ. ಬೋಳು.

ಯಾರೂ ಇಲ್ಲದ ದಿನ ಇದೊಂದೇ. ಸಂಜೆ ಅವನು ಬಂದಾಗ ಮರಿಗಳು ಚುರುಕಾಗಿ ಓಡಾಡುತ್ತಿರಬೇಕು. ಆಗ ಹೇಳುತ್ತೇನೆ, ಬಿಸಿ ತೆಗೆದೆ, ಏನಾಯಿತು ನೋಡು ಅಂತ. ಆಗ ಬೀಗಿತ್ತಿ ಎಲ್ಲಿ ನಗುತ್ತಾಳೋ ನೋಡೋಣ.

8 ಡಿಸೆಂಬರ್

ನಾಲ್ಕು ದಿನ ಬರೆಯಲಿಲ್ಲ. ಬರೆಯುವ ವಿಷಯವಿದ್ದೂ ಬರೆಯದೆ ಇದ್ದದ್ದು ಇದೇ ಮೊದಲು.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅವತ್ತು ಊಟದ ಹೊತ್ತಿಗೆ ಅಕ್ಕಯ್ಯಮ್ಮನಿಗೆ ಹೇಳಿದೆ, ಮನೆಗೆ ಹೋಗು, ನಾನು ನೋಡಿಕೊಳ್ಳುತ್ತೇನೆ, ಟೀ ಹೊತ್ತಿಗೆ ಬಂದರೆ ಸಾಕು. ಅನುಮಾನಿಸಿದಳು. ಕೂಸಿಗೆ ಜ್ವರ ಅಂತ ಬೆಳಗಿನಿಂದ ಅನ್ನುತ್ತಲೇ ಇದ್ದಳು, ಹೋದಳು. ಕುಂಪಟಿಗಳನ್ನು ಹೊರಗೆ ಸುರಿದೆ. ಸ್ವಿಚ್ ಆರಿಸಿದೆ. ಗೋಣಿತಾಟುಗಳನ್ನು ಸುತ್ತಿ ಮೇಲೆ ಕಟ್ಟಿದೆ. ಗಾಳಿ ಒಳಗೆ ಬಂತು. ಮರಿಗಳು ಕಿರುಚಿದವು. ಮೊದಲ ದಿನ ಗಣಿಗೆ ಇಳಿಯುವವರೂ ಕಿರುಚುತ್ತಾರೆ. ಒಂದು ಗಳಿಗೆ ನಿಂತು ನೋಡಿದೆ. ನನಗೆ ಕೆಮ್ಮು ಹತ್ತಿಕೊಂಡಿತು. ಕೋಣೆಗೆ ಬಂದು ಸ್ವೆಟರ್ ಹಾಕಿಕೊಂಡೆ, ಮಫ್ಲರ್ ಸುತ್ತಿಕೊಂಡೆ, ಕಂಬಳಿ ಹೊದ್ದೆ. ಅರ್ಧ ಗಂಟೆ ಬಿಟ್ಟು ನೋಡೋಣ ಅಂತ.

ಕಣ್ಣು ಬಿಟ್ಟಾಗ ಅಕ್ಕಯ್ಯಮ್ಮ ಬಾಯಿ ಬಡಿದುಕೊಳ್ಳುತ್ತಿದ್ದಳು.

ಚಳಿಗೆ ಮರಿಗಳು ಮೂಲೆಗೆ ಸೇರಿವೆ. ಒಂದರ ಮೇಲೊಂದು ಹತ್ತಿವೆ. ಮೇಲಿನವಕ್ಕೆ ಬಿಸಿ ಬೇಕು, ಕೆಳಗಿನವಕ್ಕೆ ಉಸಿರು. ಮೊಣಕಾಲಿನಷ್ಟು ಎತ್ತರದ ಗುಡ್ಡೆ. ಅವಳು ಮೊಣಕೈವರೆಗೆ ಕೈ ಹಾಕಿ ತೆಗೆದು ತೆಗೆದು ಪಕ್ಕಕ್ಕೆ ಎಸೆಯುತ್ತಿದ್ದಳು, ಇದು ಬದುಕಿದೆ, ಇದು ಇಲ್ಲ. ಕೆಳಗಿನವು ಬಟ್ಟೆಯ ಹಾಗೆ ಒದ್ದೆಯಾಗಿ ಚಪ್ಪಟೆಯಾಗಿದ್ದವು. ಅಷ್ಟರಲ್ಲಿ ಬಸ್ಸಿಳಿದು ಇವರು ಬಂದರು. ಮದುವೆಯ ಬಟ್ಟೆಯಲ್ಲೇ ಜಯರಾಮಪ್ಪ ಸಿಪ್ಪೆಯ ಮೇಲೆ ಕೂತ. ಒಂದು ಮರಿಯನ್ನು ಕೈಯಲ್ಲಿಟ್ಟುಕೊಂಡು ಬಾಯಿಂದ ಬಿಸಿಯುಸಿರು ಊದುತ್ತಿದ್ದ. ಸತ್ತ ಮರಿ ಅದು. ಸತ್ತದ್ದು ಯಾವುದು ಅಂತಲೂ ತಿಳಿಯದ ಮನುಷ್ಯ.

ಅರ್ಧಕ್ಕೆ ಅರ್ಧ ಹೋದವು.

ಬೀಗಿತ್ತಿ ಅಕ್ಕಯ್ಯಮ್ಮನ ಮೇಲೆ ಬಿದ್ದಳು.

"ಎಲ್ಲೋಗಿದ್ಯೇ ಮುಂಡೇ? ಕರೆಂಟು ಓದ್ರೆ ಕುಂಪಟಿ ಅಚ್ಚಾಕೆ ಏನ್ ರೋಗ ನಿಂಗೆ? ತಾಟು ಯಾಕೆ ಎತ್ತಿದ್ದೆ?"

ಅಕ್ಕಯ್ಯಮ್ಮ ನನ್ನ ಕಡೆ ನೋಡಿದಳು. ನಾನು ಬಾಗಿಲಲ್ಲಿ ನಿಂತಿದ್ದೆ, ಮಫ್ಲರ್ ಸುತ್ತಿಕೊಂಡು. ಗೋಡೆ ನೋಡಿದೆ. ಸ್ವಲ್ಪ ಹೊತ್ತು ಕಾದಳು. ಆಮೇಲೆ ತಲೆ ತಗ್ಗಿಸಿ, "ತಪ್ಪಾಯ್ತವ್ವಾ. ಕೂಸ್ಗೆ ಜ್ವರ ಅಂತ ಓಗಿದ್ದೆ" ಅಂದಳು.

ಅವತ್ತೇ ಕೆಲಸದಿಂದ ಬಿಡಿಸಿದರು. ಹೋಗುವಾಗಲೂ ಅಳುತ್ತ ಹೋದಳು. ಧೈರ್ಯ ಇರುವವಳಾಗಿದ್ದರೆ ನಿಂತು ಹೇಳುತ್ತಿದ್ದಳು. ಬಾಯಿ ಇರುವುದು ಕೋಳಿಮರಿಗಳ ಹತ್ತಿರ ಮಾತ್ರ.

9 ಡಿಸೆಂಬರ್, ಮಧ್ಯಾಹ್ನ

ನಾರಾಯಣಿ ಕೋಣೆಗೆ ಬಂದಳು. ಬಾಗಿಲು ಮುಂದೆ ಮಾಡಿದಳು. ಒಗೆದ ಪಂಚೆ ಮಡಿಸುತ್ತ ನಿಂತಳು.

"ಅಪ್ಪಾ, ತಾಟು ಕಟ್ಟಿದ್ದ ಗಂಟು ನಾನೇ ಬಿಚ್ಚಿದ್ದು."

ಬೀಡಿ ಹಚ್ಚಿದೆ.

"ಲೈನ್ ಮನೇಲಿ ಬಟ್ಟೆ ಒಣಾಕಾಕೆ ನೀನು ಕಟ್ತಿದ್ದೆಯಲ್ಲ ಅದೇ ಗಂಟು. ಈ ಊರಲ್ಲಿ ಯಾರ್ಗೂ ಆ ಗಂಟು ಬರಲ್ಲ."

'ನಾಳೆ ಹೇಳಿಬಿಡುತ್ತೇನೆ' ಅಂದೆ. ಕೋಪದಲ್ಲಿ ಅಂದದ್ದು. ಹೇಳುವ ಮನಸ್ಸಿತ್ತೋ ಇಲ್ಲವೋ.

ಅವಳು ಪಂಚೆಯನ್ನು ಹಾಸಿಗೆಯ ಮೇಲೆ ಇಟ್ಟಳು. "ಏಳ್ಬ್ಯಾಡ. ನೀನ್ ಏಳಿದ್ರೆ ನಿಂಗೇನೂ ಅನ್ನಲ್ಲ ಅವ್ರು. ದೊಡ್ಡೋರು ಅಂತ ಸುಮ್ನಿರ್ತಾರೆ. ದಿನಾ ಬೆಳಗಾದ್ರೆ ನಂಗ್ ಅಂತಾರೆ. ಸಾಯೋ ತನಕ ಅಂತಾರೆ. ಅಪ್ಪ ಕೊಂದ, ಮಗಳು ಮುಚ್ಚಿಟ್ಳು ಅಂತ. ಇದೇ ಮನೇಲಿ ಬಾಳ್ಬೇಕು ನಾನು."

'ಆ ಹೆಂಗಸು?' ಅಂದೆ.

ಪಂಚೆಯ ಮಡಿಕೆ ಸರಿಮಾಡಿದಳು. "ಆಯಮ್ಮಂಗೆ ಎಲ್ಲಾದ್ರೂ ಕೂಲಿ ಸಿಕ್ತದೆ" ಅಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಸರಿ. ಸುಮ್ಮನಿರಬೇಕು. ನನ್ನ ಮಗಳಿಗಾಗಿ. ಇದಕ್ಕಿಂತ ಒಳ್ಳೆಯ ಕಾರಣ ಯಾವ ಹೇಡಿಗೂ ಸಿಕ್ಕಿರಲಾರದು.

16 ಡಿಸೆಂಬರ್

ಮರಿ ಕೊಟ್ಟ ಕಂಪನಿಯವನೊಬ್ಬ ಬೆಂಗಳೂರಿನಿಂದ ಬಂದಿದ್ದ. ಟೈ ಕಟ್ಟಿಕೊಂಡು ಕೋಳಿ ಶೆಡ್ಡಿಗೆ ಬರುವ ಜನರೂ ಇದ್ದಾರೆ. ಉಳಿದ ಮರಿಗಳ ರೆಕ್ಕೆ ಬಿಡಿಸಿ ನೋಡಿ ನಕ್ಕ.

'ಇದು ನಿಧಾನವಾಗಿ ಪುಕ್ಕ ಬರುವ ತಳಿ, ರೋಗವೂ ಅಲ್ಲ, ಮೇವಿನ ಕೊರತೆಯೂ ಅಲ್ಲ, ಹುಟ್ಟಿನಲ್ಲೇ ಬಂದದ್ದು. ಎರಡು ಮೂರು ವಾರ ಹೆಚ್ಚು ಬೆಚ್ಚಗಿಟ್ಟರೆ ಸಾಕು. ಕಾಯಬೇಕು, ಅಷ್ಟೆ. ಮೊದಲೇ ಹೇಳಲಿಲ್ಲವಾ ನಿಮಗೆ?' ಅಂದ.

ಯಾರೂ ಹೇಳಿರಲಿಲ್ಲ. ಕಾಯಬೇಕು, ಅಷ್ಟೆ. ನೋಡಾಣ ಅಂದಿದ್ದ ಜಯರಾಮಪ್ಪ. ಏನೂ ತಿಳಿಯದೆ ಅಂದದ್ದು. ತಿಳಿಯದೆಯೇ ಸರಿಯಾದದ್ದು ಅಂದಿದ್ದ. ತಿಳಿದವನು ನಾನು.

ಇವತ್ತು ರೊಟ್ಟಿ ಸೇರಲಿಲ್ಲ.

19 ಡಿಸೆಂಬರ್

ಇವತ್ತಿನ ತಮಾಷೆ ಬರೆಯಲೇಬೇಕು. ಶೆಡ್ಡಿಗೆ ಆಳು ಬೇಕು. ಅಳಿಯ ಬಂದು ನನ್ನ ಮುಂದೆ ಕೈಕಟ್ಟಿ ನಿಂತ.

"ಮಾವಾ, ಬ್ಯಾರೆ ಯಾರನ್ನೂ ನಂಬಾಕೆ ಮನಸಿಲ್ಲ. ನೀವೇ ನೋಡ್ಕಳ್ರಿ ಮರಿಗಳ್ನ. ಮೂವತ್ ವರ್ಸ ಜನಗಳ್ನ ಕಾಪಾಡ್ದೋರು. ಅವತ್ತೇ ನಿಮ್ಗೆ ವಯಿಸ್ಬೇಕಿತ್ತು. ಆ ಕೂಲಿಯೋಳ್ನ ನಂಬಿ ಕೆಟ್ಟೆ."

ಮಫ್ಲರ್ ಬಾಯಿಗೆ ಒತ್ತಿಕೊಂಡೆ. ಕೆಮ್ಮು ಅಂದುಕೊಂಡು ನೀರು ತಂದುಕೊಟ್ಟ.

ಈಗ ನಾನೇ ಕುಂಪಟಿಗೆ ಇದ್ದಿಲು ಹಾಕುತ್ತೇನೆ, ತಾಟು ಇಳಿಬಿಡುತ್ತೇನೆ. ಮರಿಗಳ ಬೆನ್ನಿನ ಮೇಲೆ ಕಂದು ಕಡ್ಡಿಗಳು ಎದ್ದಿವೆ. ಒಂದೊಂದು ಕಡ್ಡಿಯ ತುದಿ ಬಿಚ್ಚಿ ಪುಕ್ಕವಾಗುತ್ತಿದೆ. ಯಾರನ್ನೂ ಕೇಳದೆ, ತಮ್ಮ ಪಾಡಿಗೆ ತಾವು. ನೋಡಿದರೆ ಮೈ ಉರಿಯುತ್ತದೆ.

24 ಡಿಸೆಂಬರ್

ಕುಪ್ಪುಸ್ವಾಮಿಯನ್ನು ನೋಡಲು ಉರಿಗಾಂಗೆ ಹೋಗಿದ್ದೆ. ಗಣಿಯಲ್ಲಿ ನನ್ನ ಜೊತೆಯ ಮೇಸ್ತ್ರಿ, ಈಗ ಅವನಿಗೂ ಕೆಮ್ಮು. ನಾನು ಬಾಯಿ ಬಿಡಲಿಲ್ಲ. ಅವನೇ ಕೇಳಿದ.

"ಎನ್ನಾ ಮೇಸ್ತ್ರಿ, ಮುಖ ಯಾಕೆ ಇಂಗೆ? ಮಗಳ ಮನೇಲಿ ಸೋರು ಆಕಲ್ವಾ?"

'ಅನ್ನ ಹಾಕುತ್ತಾರೆ. ಮರ್ಯಾದೆಯನ್ನೂ ಹಾಕುತ್ತಾರೆ. ಎರಡೂ ಜೀರ್ಣವಾಗುತ್ತಿಲ್ಲ' ಅಂದೆ. ನಕ್ಕ.

ವಾಪಸ್ ಬರುವಾಗ ಬಂಗಾರಪೇಟೆ ಸ್ಟೇಷನ್ ಹಿಂದಿನ ರಸ್ತೆಯಲ್ಲಿ ಜಲ್ಲಿ ಹೊರುತ್ತಿದ್ದ ಹೆಂಗಸರಲ್ಲಿ ಅಕ್ಕಯ್ಯಮ್ಮ. ಬಾಂಡ್ಲಿ ತಲೆಯ ಮೇಲೆ. ಬಟ್ಟೆ ಸುತ್ತಿದ ಕೈಬೆರಳು. ತಲೆ ತಪ್ಪಿಸಿ ಹೋಗೋಣ ಅಂದರೆ ಅವಳೇ ಕೂಗಿದಳು.

"ಮೇಸ್ತ್ರಪ್ಪಾ, ಮರಿಗಳು ಎಂಗವೆ? ಪುಕ್ಕ ಬಂತಾ?"

'ಬರುತ್ತಿದೆ' ಅಂದೆ.

"ಸದ್ಯ! ಆ ಕುಂಟಿ ಒಂದಿತ್ತಲ್ಲ, ಅದು ಬದುಕೈತಾ?"

ಯಾವ ಕುಂಟಿ, ನನಗೆ ಗೊತ್ತಿಲ್ಲ. ಇದೆ ಅಂದೆ. ಬಂದುಬಿಟ್ಟೆ. ನನ್ನನ್ನು ಬೈಯಬಹುದಿತ್ತು. ರಸ್ತೆಯ ಮಧ್ಯೆ, ಅಷ್ಟು ಜನರ ಮುಂದೆ. ಬೈಯದೆ ಕುಂಟಿಯನ್ನು ಕೇಳುತ್ತಾಳೆ. ಇಂಥವರಿಂದಲೇ ನಮ್ಮಂಥವರು ದೊಡ್ಡವರಾಗಿ ಕಾಣುವುದು.

27 ಡಿಸೆಂಬರ್

ಹೇಳಿದೆ.

ಊಟಕ್ಕೆ ಎಲ್ಲರೂ ಇದ್ದಾಗ. ಮೊದಲು ನಾರಾಯಣಿಯ ಮುಖ ನೋಡಿದೆ. ಬೇಡ ಅಂತ ಕಣ್ಣಿನಲ್ಲೇ ಅಂದಳು. ಆದರೂ ಹೇಳಿದೆ. 'ಅಕ್ಕಯ್ಯಮ್ಮನ ತಪ್ಪಿಲ್ಲ. ಅವಳನ್ನು ಮನೆಗೆ ಕಳಿಸಿದವನು ನಾನು. ಬಿಸಿ ಆರಿಸಿದವನು ನಾನು. ತಾಟು ಎತ್ತಿದವನೂ ನಾನು. ನಾರಾಯಣಿಗೆ ಇದೇನೂ ಗೊತ್ತಿಲ್ಲ.' ಕೊನೆಯದು ಸುಳ್ಳು. ಉಳಿದದ್ದು ರಿಪೋರ್ಟ್ ಓದಿದ ಹಾಗೆ ಹೇಳಿದೆ.

ನಾರಾಯಣಿಯ ಕೈಯಲ್ಲಿ ಸೌಟು ನಿಂತಲ್ಲೇ ನಿಂತಿತು.

ಜಯರಾಮಪ್ಪ ಕೈ ತೊಳೆದ. ನನ್ನ ಹತ್ತಿರ ಬಂದು ಕೂತ. ಅವನ ಕಣ್ಣು ಒದ್ದೆ.

"ಮಾವಾ. ಆಯಮ್ಮ ರೋಡಲ್ಲಿ ಜಲ್ಲಿ ಒರ್ತಾವ್ಳೆ ಅಂತ ನಂಗೂ ಗೊತ್ತು. ನಿಮ್ಗೆ ನೋಡಾಕೆ ಆಗ್ನಿಲ್ಲ. ಅದ್ಕೆ ನಿಮ್ ಮ್ಯಾಲೆ ಆಕ್ಕಂತಿದ್ದೀರಿ."

ಅಲ್ಲ ಅಂದೆ.

"ಸುಮ್ನಿರ್ರಿ ಮಾವಾ. ಗಣೀಲಿ ಬಂಡೆ ಸಿಡಿದ್ರೂ ಜಾಗ ಬಿಟ್ಟು ಕದಲ್ದೋರು ಮರಿ ಬಿಟ್ಟು ಮಲಗ್ತೀರಾ? ಚಿಕ್ ಉಡುಗ್ರಿಗೆ ಯೇಳಿ ಈ ಕತೆ."

ಬೀಗಿತ್ತಿ ಲೋಟದಲ್ಲಿ ಮಜ್ಜಿಗೆ ತಂದು ಮುಂದಿಟ್ಟಳು. ಮಜ್ಜಿಗೆ! ಇಲ್ಲಿಗೆ ಬಂದ ಮೇಲೆ ಅವಳಾಗಿ ಏನನ್ನಾದರೂ ಕೊಟ್ಟದ್ದು ಇದೇ ಮೊದಲು. "ದೊಡ್ ಮನ್ಸು ಕಣಣ್ಣಯ್ಯಾ ನಿಮ್ದು. ನಾನೇನೋ ಅಂದ್ಕಂಡಿದ್ದೆ" ಅಂದಳು.

ಕೂಗಿದೆ. ನಿಜ, ಕೂಗಿದೆ. ಮೂರ್ಖ ಮುಂಡೇದೇ, ನಿಜ ಹೇಳಿದರೂ ತಿಳಿಯುವುದಿಲ್ಲವಾ ನಿನಗೆ ಅಂತ. ಅದಕ್ಕೂ ತಲೆಯಾಡಿಸಿದ. ಎಷ್ಟು ಕೂಗಿದರೆ ಅಷ್ಟು ದೊಡ್ಡವನಾಗುತ್ತೇನೆ ಅವನ ಕಣ್ಣಿಗೆ. ಕಥೆ ಹೇಳಿ ಹೇಳಿ ಇವನ ತಲೆ ಕೆಡಿಸಿದವನು ನಾನೇ.

ಕಡೆಗೆ ಒಂದು ಮಾತು ಅಂದ. "ನಿಮ್ ಮಾತಿಗೆ ಬೆಲೆ ಕೊಟ್ಟು ಆಯಮ್ಮನ್ನ ವಾಪಸ್ ಕರೀತೀನಿ. ತಪ್ಪು ಮನ್ನಿಸ್ತೀನಿ."

ತಪ್ಪು ಮನ್ನಿಸುತ್ತಾನಂತೆ. ಅವಳ ತಪ್ಪು.

ನಾರಾಯಣಿ ಆಮೇಲೆ ತಟ್ಟೆ ತೆಗೆಯಲು ಬಂದಳು. ಮೆಲ್ಲಗೆ, "ಆಯಮ್ಮಂಗೂ ಕೆಲಸ ಸಿಕ್ತು, ನಂಗೂ ಬೈಗುಳ ತಪ್ತು. ಇನ್ನು ಇದನ್ನ ಇಲ್ಲಿಗೆ ಬಿಡಪ್ಪಾ" ಅಂದಳು. ಅವಳ ಮುಖದಲ್ಲಿ ಇಷ್ಟು ದಿನದ ಮೇಲೆ ಕಳೆ ಇತ್ತು. ನೋಡಿ ಸುಮ್ಮನಾದೆ.

31 ಡಿಸೆಂಬರ್

ಅಂಗಡಿಯವನು ಎದ್ದು ನಿಂತು ಬೀಡಿ ಕೊಟ್ಟ. ಉಲ್ಲನ್ ಮಾತಿಲ್ಲ. ಆಳುಮಗಳಿಗಾಗಿ ತಪ್ಪು ಹೊತ್ತುಕೊಂಡ ಪುಣ್ಯಾತ್ಮ ಅಂತ ಬೀಗಿತ್ತಿ ಬಾವಿಕಟ್ಟೆಯಲ್ಲಿ ಹೇಳಿದ್ದಾಳೆ. ಇಡೀ ಊರಿನಲ್ಲಿ ತಲೆಯಿರುವವನು ಒಬ್ಬನೂ ಇಲ್ಲ.

ಬೀಗಿತ್ತಿ ನಾರಾಯಣಿಯನ್ನು ಈಗ ಗಣಿಯೋರ ಮಗಳು ಅನ್ನುವುದಿಲ್ಲ. ಮೇಸ್ತ್ರಪ್ಪನ ಮಗಳು ಅನ್ನುತ್ತಾಳೆ. ಹೊಸ ಸೀರೆ ಉಡಿಸಿದ್ದಾಳೆ ಅವಳಿಗೆ, ಹಬ್ಬವಿಲ್ಲ ಏನಿಲ್ಲ.

4 ಜನವರಿ 1987, ಮಧ್ಯಾಹ್ನ

ಅಕ್ಕಯ್ಯಮ್ಮ ಬೆಳಗ್ಗೆ ಕೆಲಸಕ್ಕೆ ಬಂದಳು. ಬಂದವಳೇ ನನ್ನ ಕಾಲಿಗೆ ಬಿದ್ದಳು. ಅನ್ನ ಉಳಿಸಿದಿರಿ ಅಂತ. ಏಳು ಅಂದೆ. ಕಾಲು ಹಿಂದಕ್ಕೆಳೆದುಕೊಳ್ಳಲು ಹೋಗಿ ಬೀಳುವುದರಲ್ಲಿದ್ದೆ.

ಮರಿಗಳನ್ನು ನೋಡಿ ಕುಣಿದಾಡಿಬಿಟ್ಟಳು. ಬೆನ್ನು ಮುಚ್ಚಿದೆ ಈಗ ಎಲ್ಲಕ್ಕೂ. ಕಂದು, ಹೊಳೆಯುವ ಕಂದು. ಒಂದೊಂದನ್ನೂ ಎತ್ತಿ ಮಾತಾಡಿಸಿದಳು. ನಾನು ಇದ್ದಿಲು ಒಡೆಯುತ್ತ ಕೂತಿದ್ದೆ. ಗುಡಿಸುತ್ತ ಗುಡಿಸುತ್ತ ನನ್ನ ಹತ್ತಿರಕ್ಕೆ ಬಂದಳು. ದನಿ ತಗ್ಗಿಸಿದಳು.

"ಮೇಸ್ತ್ರಪ್ಪಾ, ನೀವು ಮನೆಗೋಗು ಅಂದಿದ್ದು ನಾನು ಯಾರ್ಗೂ ಏಳಿಲ್ಲ. ಏಳೋದೂ ಇಲ್ಲ."

ಗೊತ್ತು ಅಂದೆ.

"ಒಂದು ಕೇಳ್ಲಾ? ಕೋಪ ಮಾಡ್ಕಬಾರ್ದು. ಅವತ್ತು ಕುಂಪಟಿ ಸುರಿದು ತಾಟು ಯಾಕೆ ಎತ್ತಿ ಕಟ್ಟಿದ್ರಿ?"

ಕೇಳಿದ ರೀತಿಯಲ್ಲಿ ಬೈಗುಳವಿರಲಿಲ್ಲ. ತಿಳಿಯದ್ದನ್ನು ಕೇಳುವ ಹಾಗೆ ಕೇಳಿದಳು. ಹೇಳಿದೆ. ನೂರನೇ ಲೆವೆಲ್, ಬಿಸಿ ಬಂಡೆ, ಲಂಗೋಟಿ, ಸ್ವೆಟರ್. ಚಳಿಗೆ ಬಿಟ್ಟರೆ ಪುಕ್ಕ ಬೇಗ ಬರುತ್ತದೆ ಅಂದುಕೊಂಡೆ, ಅಂದೆ. ಬಾಯಿಬಿಟ್ಟು ಹೇಳಿದಾಗ ಎಷ್ಟು ಸಣ್ಣದಾಗಿ ಕೇಳಿಸಿತು.

ಪೊರಕೆ ಹಿಡಿದು ನನ್ನನ್ನೇ ನೋಡಿದಳು. ಆಮೇಲೆ ನಗು ಬಂದುಬಿಟ್ಟಿತು ಅವಳಿಗೆ. ತಡೆದಳು, ಆಗಲಿಲ್ಲ.

"ಅಯ್ಯೋ ನನ್ನಪ್ಪನೇ! ಚಳಿಗ್ ಬಿಟ್ರೆ ಪುಕ್ಕ ಬಂದಾತಾ? ಅಂಗಾಗಿದ್ರೆ ನನ್ ಕೂಸುಗಳ ಮೈಮ್ಯಾಲೆ ಇಷ್ಟೊತ್ಗೆ ಕಂಬ್ಳಿ ಬೆಳೀಬೇಕಿತ್ತಲ್ಲ!"

ಸೊಂಟ ಹಿಡಿದುಕೊಂಡು ನಕ್ಕಳು. ನನ್ನ ಮುಖದ ಮುಂದೆ. ಇಷ್ಟು ವರ್ಷದಲ್ಲಿ ಯಾವ ಆಳೂ ಹಾಗೆ ನಗಲಿಲ್ಲ. ನಗಬೇಕಿತ್ತು, ಯಾವನಾದರೂ ಒಬ್ಬ.

ಥಟ್ಟನೆ ನಿಲ್ಲಿಸಿದಳು. ತಿರುಗಿ ನೋಡಿದರೆ ಬಾಗಿಲಲ್ಲಿ ಜಯರಾಮಪ್ಪ. ನನ್ನನ್ನು ಊಟಕ್ಕೆ ಕರೆಯಲು ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

ಈ ಸಲ ನಂಬಿದ.

ಊಟಕ್ಕೆ ಕರೆಯಲಿಲ್ಲ. ನನ್ನನ್ನು ನೋಡಿದ, ಮರಿಗಳನ್ನು ನೋಡಿದ, ಹೋದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಷ್ಟಕ್ಕೂ ಇವನೇನು ಮಹಾ... ಇಲ್ಲ. ಬರೆಯಲು ಬರುತ್ತಿಲ್ಲ ಆ ಮಾತು.

ಕೋಣೆಗೆ ಬಂದು ಕೂತಿದ್ದೇನೆ. ಗೋಡೆಯಾಚೆ ಅವನ ದನಿ ಕೇಳುತ್ತಿದೆ, ಸಣ್ಣಗೆ. ಬೀಗಿತ್ತಿಯದು ಸಣ್ಣಗಿಲ್ಲ.

"ನಿಮ್ಮಪ್ಪ ಕಟ್ಟಿದ್ ತಾಟಿನ ಗಂಟು ಬಿಚ್ಚಿದ್ದು ನೀನೇ ಅಲ್ವೇನೇ ಅವತ್ತು? ಗೊತ್ತಿದ್ದೂ ಬಾಯ್ ಮುಚ್ಕಂಡಿದ್ದಾ? ಆ ಕೂಲಿಯೋಳ್ನ ಬೀದೀಗ್ ತಳ್ಳಿ ಅಪ್ಪನ್ನ ಕಾಪಾಡ್ಕಂಡ್ಯಾ? ಗಣಿಯೋರ ಬುದ್ಧಿ!"

ನನಗಲ್ಲ. ನನಗೆ ಒಂದು ಮಾತಿಲ್ಲ. ಎಲ್ಲ ನಾರಾಯಣಿಗೆ. ಅವಳು ಹೇಳಿದ ಹಾಗೇ.

ಪಾತ್ರೆ ಬಿದ್ದ ಸದ್ದು. ಮತ್ತೆ ಬೀಗಿತ್ತಿ.

ಹೋಗಬೇಕು. ಹೋಗಿ ಅವರ ನಡುವೆ ನಿಲ್ಲಬೇಕು. ನಿಂತು, ನನ್ನ ಮಗಳಿಗೆ ಒಂದು ಮಾತೂ ಅನ್ನಬೇಡಿ ಅಂತ, ಇದೇ ಬಾಯಲ್ಲಿ, ಯಾವ ಮುಖ ಇಟ್ಟುಕೊಂಡು